ಅರ್ಜೆಂಟ್ ಸಾಲು

ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಚಕ್ರ ಗಿರಗಿರನೆ ತಿರುಗುತ್ತಿದ್ದರೆ ಜನ ನೆಟ್‌ವರ್ಕಿಗೆ ಶಾಪ ಹಾಕುತ್ತಾರೆ. ಎಷ್ಟೋ ಸಲ ತಪ್ಪು ಅದರದ್ದಲ್ಲ. ಸರ್ವರ್ ಒಂದು ಇಮೇಲ್ ಕೊಟ್ಟುಬರಲು ಹೋಗಿ ಅಲ್ಲೇ ಕೂತುಬಿಟ್ಟಿರುತ್ತದೆ. ವೆಬ್‌ಸೈಟ್ ಕಟ್ಟುವುದೇ ಕಸುಬಾದ ನಾನು ಅದನ್ನು ಬಯ್ಯಬೇಕು. ಬಾಯಿ ಬರುವುದಿಲ್ಲ, ಅಷ್ಟು ಮರ್ಯಾದಸ್ಥ ಅದು.

ಇಮೇಲ್ ಸಾಗಿಸುವ ಎಸ್‌ಎಂಟಿಪಿಯ ಕಟ್ಟಳೆಯನ್ನು 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟರು. ಅದರಂತೆ ಎದುರಿನ ಸರ್ವರ್ ಮೊದಲು 220 ಎಂದು ಬಾಗಿಲು ತೆರೆಯಬೇಕು. ನಮ್ಮದು 'ಹೆಲೋ' ಎಂದು ತನ್ನ ಹೆಸರು ಹೇಳಬೇಕು. ಅದಕ್ಕೆ ಆ ಕಡೆಯಿಂದ 250, ಅಂದರೆ ಆಗಲಿ. ಯಾರು ಕಳಿಸಿದ್ದೆಂದು ತಿಳಿಸಿದರೆ ಮತ್ತೆ 250. ಯಾರಿಗೆಂದು ತಿಳಿಸಿದರೆ ಇನ್ನೊಂದು 250. ಒಪ್ಪಿಸಲೇ ಎಂದರೆ 354, ಒಪ್ಪಿಸಿ. ಪತ್ರ ಮುಗಿಯಿತು ಅನ್ನಲು ಒಂದಿಡೀ ಸಾಲಿನಲ್ಲಿ ಬರೀ ಚುಕ್ಕೆ. ಆಮೇಲೆ 221, ಹೋಗಿಬನ್ನಿ. ಮದುವೆ ಕರೆಯಲು ಹೋದವರು ಕಾಫಿ ಕುಡಿಯದೆ ಏಳುವಂತಿಲ್ಲವಲ್ಲ, ಹಾಗೆ. ಕೆಲವು ಬಿಗುಮಾನದ ಸರ್ವರ್‌ಗಳಂತೂ ಹೊಸಬರ ಮುಖ ಕಂಡೊಡನೆ 450 ಎನ್ನುತ್ತವೆ: ಈಗಾಗದು, ಆಮೇಲೆ ಬನ್ನಿ. ಕಸದ ಮೇಲ್ ಹಂಚುವವರು ಎರಡನೇ ಸಲ ಬರುವುದು ಕಡಿಮೆ ಎಂಬ ಲೆಕ್ಕಾಚಾರ.

ಇಷ್ಟೆಲ್ಲ ಉಪಚಾರ ಮುಗಿಯುವವರೆಗೆ ಗಿರಾಕಿಯನ್ನು ಕಾಯಿಸುವುದು ಅನ್ಯಾಯ. ಅದಕ್ಕೇ ಇಮೇಲನ್ನು ಸರದಿಯ ಸಾಲಿನಲ್ಲಿ ನಿಲ್ಲಿಸಿ ಪುಟವನ್ನು ಆಗಲೇ ತೋರಿಸಿಬಿಡುತ್ತೇವೆ. ಸಾಲಿನಿಂದ ಒಂದೊಂದನ್ನೇ ಎತ್ತಿಕೊಂಡು ಹೋಗಲು 'ವರ್ಕರ್' ಎಂಬ ಬೇರೆ ಪ್ರೋಗ್ರಾಮ್ ಇದೆ. 450 ಅಂದರೆ ಅದೇ ಆಮೇಲೆ ಮತ್ತೆ ಹೋಗುತ್ತದೆ.

ಹೊಸದಾಗಿ ಸೇರಿದ ಹುಡುಗಿಗೆ ಇದು ಸರಿಬರಲಿಲ್ಲ. "ಸರ್, ಕಳಿಸದೇನೇ ಕಳಿಸಿದೀವಿ ಅಂತೀವಲ್ಲ?"

"ಎಲ್ಲಮ್ಮ ಅಂದಿದೀವಿ? 'ಇಮೇಲ್ ಬರುತ್ತೆ, ನೋಡ್ತಿರಿ' ಅಂತ ತಾನೇ ಇರೋದು?"

ವರ್ಕರ್‌ನ ಚುರುಕೂ ಕೆಲವೊಮ್ಮೆ ಅತಿ. ಗಿರಾಕಿಯ ಹೆಸರು ಡೇಟಾಬೇಸಿನಲ್ಲಿ ಕೂರುವ ಮುಂಚೆಯೇ ಓಡಿಬಂದು, ಇಂಥವರು ಯಾರೂ ಇಲ್ಲವೆಂದು ದೂರು ಬರೆದಿಟ್ಟು ಹೋಗುತ್ತದೆ. ಹೆಸರು ದಾಖಲಾದ ಮೇಲೇ ವರ್ಕರನ್ನು ಕೂಗಬೇಕು.

ನಿಜವಾದ ಗಲಾಟೆ ಎದ್ದದ್ದು ದೀಪಾವಳಿಗೆ. ಮಾರ್ಕೆಟಿಂಗಿನವರು ತಮ್ಮ ಆಫರ್ ಮೇಲ್‌ಗಳನ್ನೆಲ್ಲ ಅದೇ ಸಾಲಿಗೆ ಸುರಿದರು. ಹತ್ತೇ ನಿಮಿಷ ಆಯುಸ್ಸಿನ ಒಟಿಪಿಗಳು ಅವುಗಳ ಹಿಂದೆ ನಿಂತು ಅಲ್ಲೇ ಪ್ರಾಣ ಬಿಟ್ಟವು. ಒಟಿಪಿಗೆಂದು ಬೇರೆ ಸಾಲು ಮಾಡಿ 'ಅರ್ಜೆಂಟ್' ಎಂದು ಹೆಸರಿಟ್ಟೆವು. ಸುದ್ದಿ ಸಂಜೆಯೊಳಗೆ ಮಾರ್ಕೆಟಿಂಗಿಗೆ ಮುಟ್ಟಿತು.

"ಸರ್, ನಮ್ಮ ಆಫರ್ ಇವತ್ತು ರಾತ್ರಿಗೇ ಮುಗಿಯುತ್ತೆ. ಇದಕ್ಕಿಂತ ಅರ್ಜೆಂಟ್ ಇನ್ನೇನಿರುತ್ತೆ ಹೇಳಿ?"