ಅಂಗಿಯಿಲ್ಲದ ಕಾರಿಗೊಂದು ಅಂಬಾಸಿಡರ್

ರಿಮೋಟ್ ಕಾರಿನ ಹುಚ್ಚು ಹಿಡಿದವರಲ್ಲಿ ಎರಡು ಪಂಗಡ. ಕಾರು ಓಡಿಸುವವರು ಒಂದು, ಅದಕ್ಕೆ ಬಾಡಿ ಮಾಡುತ್ತ ಕೂರುವವರು ಇನ್ನೊಂದು. ಎರಡನೆಯವರ ಕಾರು ವರ್ಷದ ಬಹುಪಾಲು ಊಟದ ಮೇಜಿನ ಮೇಲೆ ಬತ್ತಲೆ ನಿಂತಿರುತ್ತದೆ. ನಾನು ಆ ಪಂಗಡದವನು. ನಮ್ಮ ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತಿದ್ದಾರೆ.

ತಮಾಷೆಯೆಂದರೆ, ಬಾಡಿ ಇಲ್ಲದಿದ್ದರೂ ಕಾರು ಚೆನ್ನಾಗಿಯೇ ಓಡುತ್ತದೆ. ಮೋಟರು, ಬ್ಯಾಟರಿ, ಸರ್ವೊ, ನಾಲ್ಕು ಚಕ್ರ ಇದ್ದರೆ ಮುಗಿಯಿತು. ಮೈಸೂರಿನ ಹಿನಕಲ್‌ನಲ್ಲಿ ಮನೆ ಏಳದ ಸೈಟುಗಳ ನಡುವಿನ ರಸ್ತೆಯಲ್ಲಿ ಬರೀ ಚಾಸಿ ಬಿಟ್ಟಿದ್ದಾಗ ಒಬ್ಬ ಹುಡುಗ, "ಅಂಕಲ್, ಇದ್ಯಾಕೆ ಚಡ್ಡೀನೂ ಹಾಕ್ಕೊಂಡಿಲ್ಲ?" ಎಂದ. ಅಂಗಡಿಯಲ್ಲಿ ಅಂಗಿಗಳೇನೋ ಸಿಗುತ್ತವೆ. ಪೋರ್ಷೆ, ಸುಬಾರು, ಮಿನಿ ಕೂಪರ್. ಹುಣಸೂರು ರಸ್ತೆಗೆ ಫ್ಲೈಓವರ್ ಬರುವ ಮುಂಚೆ ನಾವು ನೋಡುತ್ತಿದ್ದ ಕಾರು ಅವುಗಳಲ್ಲಿ ಒಂದೂ ಇಲ್ಲ. ಮೈಸೂರಿನ ಮಾನ ಉಳಿಸೋಣವೆಂದರೆ, ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದದ್ದು ಜಾವಾ, ಯಜ್ಡಿ. ಮೋಟಾರ್‌ಸೈಕಲ್ಲಿಗೆ ಬಾಡಿ ಎಲ್ಲಿಂದ ತರಲಿ? ಕೊನೆಗೆ ಅಂಬಾಸಿಡರೇ ಗತಿ ಎಂದಾಯಿತು.

ಅಂಬಾಸಿಡರಿನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2464 ಮಿ.ಮೀ. ರಿಮೋಟ್ ಕಾರಿನ ಅಳತೆಗೆ ಇಳಿಸಿದರೆ ಅದರ ಹತ್ತರಲ್ಲೊಂದು ಪಾಲು 246. ನನ್ನಲ್ಲಿರುವ ತಮಿಯಾ ಕಂಪನಿಯ ಎಂ-ಚಾಸಿಯೋ 210, 225, 239 ಈ ಮೂರಕ್ಕೆ ಮಾತ್ರ ಒಗ್ಗುತ್ತದೆ. ಏಳು ಮಿಲಿಮೀಟರು ಕಡಿಮೆ! ಚಾಸಿಯನ್ನು ಎಳೆದು ಉದ್ದ ಮಾಡಲಾಗದು. ರಸ್ತೆ ಎಲ್ಲಿ ಬಂತೋ ಅದಕ್ಕೆ ತಕ್ಕಂತೆ ನಕಾಶೆ ತಿದ್ದುವ ಕಂಟ್ರಾಕ್ಟರನ ಹಾಗೆ, ಬಾಡಿಯನ್ನೇ 10.3ರಲ್ಲಿ ಒಂದು ಪಾಲಿಗೆ ಇಳಿಸಿದೆ.

ಮಾರುತಿ 800 ಆಗಿದ್ದರೆ ಸನ್‌ಬೋರ್ಡು, ಸ್ಕೇಲು, ಕಟರು ಸಾಕಿತ್ತು. ಅಂಬಾಸಿಡರಿನಲ್ಲಿ ನೇರ ಗೆರೆ ಹುಡುಕಿದರೂ ಸಿಗದು. ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆ ಹೊದಿಸಲು ಮೊದಲು ಗಟ್ಟಿ ಅಚ್ಚೊಂದನ್ನು ಕೆತ್ತಬೇಕು. ಥರ್ಮಾಕೋಲು ಅಗ್ಗ ನಿಜ, ಆದರೆ ಅದರಷ್ಟು ಸೂಕ್ಷ್ಮ ಸ್ವಭಾವದ ವಸ್ತು ಇನ್ನೊಂದಿಲ್ಲ: ಫೆವಿಕ್ವಿಕ್ ತಾಗಿದರೆ ಕರಗುತ್ತದೆ, ಸ್ಪ್ರೇ ಪೇಂಟ್ ತಾಗಿದರೆ ಕರಗುತ್ತದೆ, ಬಿಸಿ ಪ್ಲಾಸ್ಟಿಕ್ ಕಂಡರಂತೂ ಇಲ್ಲವೇ ಇಲ್ಲ. ಆದ್ದರಿಂದ ಸಂತೆಪೇಟೆಯಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಂತು. ನಮ್ಮ ಹಿನಕಲ್ ನನ್ನೇಶ್ವರ ಗುಡಿಯಲ್ಲಿ ಕಲ್ಲನ್ನೇ ಕೆತ್ತಿದ ಊರು, ಪ್ಲಾಸ್ಟರು ಯಾವ ಲೆಕ್ಕ ಎಂದುಕೊಂಡೆ. ಆ ಶಿಲ್ಪಿಗಳು ಊಟದ ಮನೆಯಲ್ಲಿ ಕೂತು ಕೆತ್ತಿರಲಾರರು. ಬಿಳಿ ಪುಡಿ ಸಾರಿನ ಪಾತ್ರೆಯ ಮುಚ್ಚಳದಿಂದ ಹಿಡಿದು ದೇವರ ಪಟದವರೆಗೆ ಸಮನಾಗಿ ಹರಡಿತು.

ಅಚ್ಚಿನ ಪರೀಕ್ಷೆಗೆ ಬಂದವರು ಪಕ್ಕದ ಮನೆಯ ಹಿರಿಯರು. ಸರ್ಕಾರಿ ಅಂಬಾಸಿಡರ್ ಓಡಿಸಿಯೇ ನಿವೃತ್ತರಾದವರು. ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಬಾನೆಟ್ಟಿನ ಮೇಲೆ ಅಂಗೈಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರು. "ಎಡಗಡೆ ಅರ್ಧ ನೂಲು ಜಾಸ್ತಿ ಇದೆ." ಉಜ್ಜಿದೆ. "ಈಗ ಬಲಗಡೆ ಜಾಸ್ತಿ." ಅದನ್ನೂ ಉಜ್ಜಿದೆ. ಆಮೇಲೆ ಮಾರ್ಕ್ ಟೂನೋ ಮಾರ್ಕ್ ಫೋರೋ ಎಂಬ ವಿಚಾರಣೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಹೊಟ್ಟೆಯಲ್ಲಿ ಹುಟ್ಟಿದ ಈ ಕಾರು, 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಲ್ಲುವವರೆಗೂ ಮೈಕಟ್ಟು ಬಿಟ್ಟುಕೊಡಲಿಲ್ಲ. ಮುಖದ ಜಾಲರಿಯನ್ನಷ್ಟೇ ಆಗಾಗ ಬದಲಿಸಿಕೊಂಡಿತು. ಅವರ ಪ್ರಕಾರ ಜಾಲರಿ ತಪ್ಪಿದರೆ ಕಾರೇ ತಪ್ಪಿದಂತೆ.

ಮುಂದಿನದು ಅಡುಗೆಮನೆ ರಾಜಕೀಯ. ರೇಸಿನ ಬಾಡಿಗಳು ಪಾಲಿಕಾರ್ಬೊನೇಟಿನವು. ಅದು ಮೆತ್ತಗಾಗಲು 150 ಡಿಗ್ರಿಯ ಆಸುಪಾಸು ಬೇಕು. ಸಾಲದ್ದಕ್ಕೆ ಗಾಳಿಯ ತೇವ ಹೀರಿಕೊಂಡಿದ್ದರೆ ಬಿಸಿಗೆ ಮೈತುಂಬ ಗುಳ್ಳೆ. ಪೆಟ್‌ಜಿ ಹಾಳೆ ಸಂಸಾರಸ್ಥರಿಗೆ ಹೇಳಿ ಮಾಡಿಸಿದ್ದು, 80 ಡಿಗ್ರಿಯ ಹೊತ್ತಿಗೇ ಬಾಗತೊಡಗುತ್ತದೆ. ಹಾಳೆಯನ್ನು ಮರದ ಚೌಕಟ್ಟಿಗೆ ಬಿಗಿದು ಓವನ್ನಿನಲ್ಲಿಟ್ಟು, ನಡುಭಾಗ ಜೋತುಬಿದ್ದ ಕೂಡಲೇ ಹೊರಕ್ಕೆಳೆದು, ಅಚ್ಚಿನ ಮೇಲೆ ಒತ್ತಬೇಕು. ಅಚ್ಚಿನ ಕೆಳಗೆ ತೂತು ಕೊರೆದ ಪೆಟ್ಟಿಗೆ, ಪೆಟ್ಟಿಗೆಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ. ಸ್ವಿಚ್ಚು ಹಾಕಿದರೆ ಗಾಳಿ ಒಳಕ್ಕೆಳೆದುಕೊಂಡು ಹಾಳೆ ಒಂದೇ ಸಲಕ್ಕೆ ಅಂಬಾಸಿಡರ್ ಆಗುತ್ತದೆ. ಮನೆಯಾಕೆಯೂ ಒಂದು ಕ್ಷಣ ಬೈಯುವುದನ್ನು ಮರೆತಳು. ಆದರೆ ಈ ಕಾರಿನ ಪಕ್ಕೆಗಳು ಕೆಳಗೆ ಒಳಮುಖವಾಗಿ ಸರಿದಿವೆಯಲ್ಲ, ಅಪ್ಪಿದ ಹಾಳೆ ಬಿಡುವುದಿಲ್ಲ. ಅದಕ್ಕೇ ಅಚ್ಚನ್ನು ಮೂರು ತುಂಡಾಗಿ ಮಾಡಿಕೊಂಡು, ನಡುವಿನದನ್ನು ಮೊದಲು ಎಳೆದು ತೆಗೆಯುವುದು.

ಬಣ್ಣ ಬಳಿಯುವುದು ಒಳಗಡೆಯಿಂದ. ಪಲ್ಟಿ ಹೊಡೆದರೂ ಗೀರು ಬೀಳುವುದು ಪ್ಲಾಸ್ಟಿಕ್ಕಿಗೆ, ಬಣ್ಣಕ್ಕಲ್ಲ. ಎಲ್ಲ ತಿರುವುಮುರುವು: ಜಾಲರಿ, ಬಾಗಿಲಿನ ಗೆರೆ ಮೊದಲು, ಸರ್ಕಾರಿ ಬಿಳಿ ಕೊನೆಗೆ.

ಹಿರಿಯರು ನೋಡಿ, "ಹಿಂದಿನ ಗಾಜಿಗೆ ಪರದೆ ಎಲ್ಲಿ? ಮೇಲೆ ಕೆಂಪು ದೀಪ ಎಲ್ಲಿ?" ಎಂದರು.

"2017ರ ಮೇ 1ರಿಂದ ಮಂತ್ರಿಗಳ ಕಾರಿಗೂ ಕೆಂಪು ದೀಪ ಇಲ್ಲ ಸಾರ್."

"ಅದು ಒಳಗೆ ಕೂರೋರಿಗೆ ಮಾಡಿದ ಕಾನೂನು. ಇದರೊಳಗೆ ಕೂರೋದು ಬ್ಯಾಟರಿ ತಾನೇ? ಹಾಕಪ್ಪ."

ಕೆಂಪು ಎಲ್‌ಇಡಿ ಹಾಕಿದೆ. ಸಂಜೆ ರಸ್ತೆಗಿಳಿಸಿದಾಗ ರಿಮೋಟು ಅವರ ಕೈಗೆ ಹೋಯಿತು. ತಿರುವು ಬಂದಾಗಲೆಲ್ಲ ಅವರ ಹೆಗಲೂ ತಿರುಗುತ್ತಿತ್ತು. ಕಾರು ಮಾತ್ರ ಮದುವೆ ಮೆರವಣಿಗೆಗಿಂತ ನಿಧಾನ. ಗಂಟೆಗೆ ಮೂವತ್ತು ಕಿಲೋಮೀಟರು ಹೋಗುವ ಮೋಟರು, ಸ್ವಲ್ಪ ಒತ್ತಿ ಸಾರ್ ಎಂದೆ.

ರಸ್ತೆಯಿಂದ ಕಣ್ಣು ಕೀಳದೆ ಗದರಿದರು: "ಸಾಹೇಬ್ರು ಹಿಂದೆ ಮಲಗಿದ್ದಾರೆ, ಸುಮ್ನಿರಯ್ಯ."