ಬಿನಾಲೆಯೋ ಬಾಳೆಲೆಯೋ

ಗ್ಯಾಲರಿಗೆ ಹೋಗುವವರಿಗೆ ಬೇರೆಯೇ ಒಂದು ಮುಖ ಬೇಕು. ಮದುವೆ ಮನೆಗೊಂದು, ಸಾವಿನ ಮನೆಗೊಂದು ಇಟ್ಟುಕೊಂಡಿರುತ್ತೇವಲ್ಲ, ಹಾಗೆ. ಕತ್ತು ತುಸು ವಾರೆ, ಒಂದು ಕೈ ಗದ್ದಕ್ಕೆ. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮೂರು ಹೆಜ್ಜೆ ಹಿಂದೆ ಬಂದು ಒಂದು 'ಹ್ಞೂಂ'. ಈ 'ಹ್ಞೂಂ'ಗೆ ಅರ್ಥವಾಯಿತು ಎಂದೂ ಆಗುತ್ತದೆ, ಆಗಲಿಲ್ಲ ಎಂದೂ ಆಗುತ್ತದೆ, ಹಸಿವಾಯಿತು ಎಂದೂ ಆಗುತ್ತದೆ. ಕೊಚ್ಚಿಗೆ ಹೋಗಿ ಬಂದು ನಾನು ಸಂಪಾದಿಸಿದ ಆಸ್ತಿ ಇದೊಂದೇ. ಅದನ್ನೂ ದೊಡ್ಡಮ್ಮ ಉಳಿಯಗೊಡಲಿಲ್ಲ.

ಫೋರ್ಟ್ ಕೊಚ್ಚಿಗೆ ಬರುವ ಪ್ರವಾಸಿಗರದು ಕಟ್ಟುನಿಟ್ಟಿನ ದಿನಚರಿ. ಚೀನಾ ಬಲೆ, ಡಚ್ ಅರಮನೆ, ಯಹೂದಿಗಳ ಸಿನಗಾಗ್, ಕಥಕಳಿಯ ಒಂದು ತುಣುಕು, ಬಾಳೆಕಾಯಿ ಚಿಪ್ಸಿನ ಪೊಟ್ಟಣ, ವಾಪಸು ರೈಲು. ಈ ಸುಖಕ್ಕೆ ಕಲ್ಲು ಬಿದ್ದದ್ದು 12-12-12ರಂದು. ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಎಂಬ ಇಬ್ಬರು ಮಲಯಾಳಿ ಕಲಾವಿದರು ಸೇರಿ ಅಂದು ಕೊಚ್ಚಿ-ಮುಝಿರಿಸ್ ಬಿನಾಲೆ ಶುರುಮಾಡಿದರು. ಬಿನಾಲೆ ಎಂದರೆ ಇಟಲಿಯವರ ಮಾತಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವುದು. ಕೊಚ್ಚಿಯ ಎರಡು ವರ್ಷ ಒಮ್ಮೊಮ್ಮೆ ಮೂರು ನಾಲ್ಕಕ್ಕೂ ಹಿಗ್ಗುವುದುಂಟು. 2018ರ ನಂತರದ್ದು ಕೋವಿಡ್ ಕಳೆದು 2022ಕ್ಕೆ ಬಂತು. ಅದೂ ಡಿಸೆಂಬರ್ 12ಕ್ಕೆ ತೆರೆಯಬೇಕಾದ್ದು 23ಕ್ಕೆ ತೆರೆಯಿತು. ಜೀರ್ಣೋದ್ಧಾರ ಸಮಿತಿಗಳನ್ನು ಕಂಡ ನಮ್ಮ ಕರಾವಳಿಯವರಿಗೆ ಇದೆಲ್ಲ ಆಶ್ಚರ್ಯವಲ್ಲ.

ಮೊದಲ ಬಿನಾಲೆಗೆ ಹೊರಟಾಗ ದೊಡ್ಡಮ್ಮ ಕೇಳಿದ್ದು, "ಬಾಳೆಲೆಯಾ? ಹಾಗಾದರೆ ಊಟ ಉಂಟು." ಇಲ್ಲ, ಚಿತ್ರ ನೋಡಲಿಕ್ಕೆ ಎಂದೆ. "ಚಿತ್ರ ನೋಡಿದ ಮೇಲೆ ಊಟ ಉಂಟಾ?" ಎಂದರು. ಕಾಸರಗೋಡು ಅವರ ತವರು. ಮಲಯಾಳ ನೀರು ಕುಡಿದಂತೆ ಬರುತ್ತದೆ. ನನಗೆ ಬರುವುದಿಲ್ಲ. ಹಾಗಾಗಿ ಕರೆದುಕೊಂಡು ಹೋದವನು ನಾನೆಂಬ ಭ್ರಮೆ ಪರಶುರಾಮ ಎಕ್ಸ್‌ಪ್ರೆಸ್ ಹತ್ತುವವರೆಗೆ ಮಾತ್ರ ಇತ್ತು.

ಬಿನಾಲೆಯ ದೊಡ್ಡಮನೆ ಆಗ ಆಸ್ಪಿನ್‌ವಾಲ್ ಹೌಸ್. 1867ರಲ್ಲಿ ಶುರುವಾದ ಇಂಗ್ಲಿಷ್ ವ್ಯಾಪಾರಿ ಕಂಪನಿಯ ಕಚೇರಿ, ಗೋದಾಮು. ಮೆಣಸು, ಶುಂಠಿ, ತೆಂಗಿನೆಣ್ಣೆ, ನಾರು ಕಟ್ಟಿ ಹಡಗಿಗೆ ಏರಿಸುತ್ತಿದ್ದ ಜಾಗ. ಒಳಗೆ ಹೋದರೆ ಎದುರಾದದ್ದು ನಮ್ಮೂರೇ! ಕುಂದಾಪುರ ಕಡೆಯ ಎಲ್. ಎನ್. ತಲ್ಲೂರು ಹಂಚಿನ ಮಾಡು ಮಾಡಿಟ್ಟು, ಅದರಲ್ಲಿ ಯೋಗಾಸನ ಹಾಕಿದ ಮಣ್ಣಿನ ಬೊಂಬೆಗಳನ್ನು ಕೂರಿಸಿದ್ದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು, ವಸಾಹತುಶಾಹಿ, ದೇಹ, ಮಣ್ಣು ಎಂದೆಲ್ಲ ನಾನು ಉಪನ್ಯಾಸ ಶುರುಮಾಡುವಷ್ಟರಲ್ಲಿ ದೊಡ್ಡಮ್ಮನ ತೀರ್ಪು ಬಂದಾಗಿತ್ತು: "ಮಂಗಗಳಾದರೆ ಹಂಚು ಒಡೆದು ಇಳಿದು ಹೋಗ್ತವೆ. ಇವು ಕೂತೇ ಬಿಟ್ಟಿವೆಯಲ್ಲ ಮಾರಾಯ."

ನಗುವಷ್ಟು ನಕ್ಕೆ. ಮುಂದಿನದಕ್ಕೆ ನಗಲಾಗಲಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ, ಕ್ರಿಸ್ಟೋಫ್ ಸ್ಟಾರ್ಜ್ ಜೊತೆ ಸೇರಿ ಬೆಂಗಳೂರಿನಿಂದ ನೂರಕ್ಕೂ ಹೆಚ್ಚು ಒರಳುಕಲ್ಲುಗಳನ್ನು ತಂದು ಅಲ್ಲಿ ಹಾಕಿದ್ದರು. ಮಿಕ್ಸಿ ಬಂತು, ಹಳೆಮನೆ ಬಿತ್ತು, ಕಲ್ಲು ಬೀದಿಗೆ ಬಂತು. ಒಡೆಯಲು ಮನಸ್ಸು ಒಪ್ಪುವುದಿಲ್ಲ, ಒಳಗಿಡಲು ಜಾಗವಿಲ್ಲ. ಹೀಗೆ ಬೆಂಗಳೂರಿನ ಬೀದಿ ಬದಿಯಲ್ಲಿ ಕೂತಿದ್ದ ಕಲ್ಲುಗಳು ಕೊಚ್ಚಿಯ ಕಡಲ ಬದಿಗೆ ಬಂದು ಕೂತಿದ್ದವು. ನಾನು ನನ್ನ ಮುಖ ಹಾಕಿಕೊಂಡು, ಗದ್ದಕ್ಕೆ ಕೈಯಿಟ್ಟು 'ಹ್ಞೂಂ' ಎಂದೆ.

ದೊಡ್ಡಮ್ಮ ಎನ್ನಲಿಲ್ಲ. ಕಲ್ಲಿನಿಂದ ಕಲ್ಲಿಗೆ ಹೋದರು. "ಇದು ಹೋಟೆಲಿನದ್ದು. ಇಷ್ಟು ದೊಡ್ಡ ಗುಂಡಿ ಮನೆಯಲ್ಲಿ ಬೀಳುವುದಿಲ್ಲ." "ಇದನ್ನು ಉಳಿಯಲ್ಲಿ ಕುಟ್ಟಿಸದೆ ಎಷ್ಟು ವರ್ಷ ಆಯ್ತೋ, ಉದ್ದು ಜಾರಿ ಜಾರಿ ಹೋಗಿರ್ತದೆ." ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಚು ಸವರಿದರು. "ನೋಡು ಮಾಣಿ, ಸವೆದದ್ದು ಈ ಮಗ್ಗುಲಿಗೆ. ಕಡೆಯುತ್ತಿದ್ದವಳು ಎಡಚಿ." ಅಷ್ಟರಲ್ಲಿ ಸುತ್ತ ನಾಲ್ಕೈದು ಮಂದಿ ಕೂಡಿದ್ದರು. ಕೊರಳಲ್ಲಿ ಕ್ಯಾಮೆರಾ ತೂಗಿಕೊಂಡ ಒಬ್ಬ ಬಿಳಿಯ, ಈಕೆಯೇ ಕಲಾವಿದೆಯೇ ಎಂದು ನನ್ನಲ್ಲಿ ಪಿಸುಗುಟ್ಟಿದ. ಅಲ್ಲ ಎನ್ನಲು ಬಾಯಿ ತೆರೆದೆ. ದೊಡ್ಡಮ್ಮ ಅಷ್ಟರಲ್ಲಿ ಅವನಿಗೆ ದೋಸೆ ಹಿಟ್ಟಿಗೂ ಇಡ್ಲಿ ಹಿಟ್ಟಿಗೂ ಇರುವ ತರಿಯ ವ್ಯತ್ಯಾಸವನ್ನು ಮಲಯಾಳದಲ್ಲಿ ವಿವರಿಸುತ್ತಿದ್ದರು. ಅವನು ತಲೆದೂಗುತ್ತಿದ್ದ. ಅವನ ಬಳಿಯೂ ಒಂದು 'ಹ್ಞೂಂ' ಇತ್ತು.

2014ರದಕ್ಕೆ ನಾನೊಬ್ಬನೇ ಹೋದೆ. ಅನೀಶ್ ಕಪೂರ್ ನೆಲದಲ್ಲಿ ಕಪ್ಪು ನೀರಿನ ಸುಳಿಯೊಂದನ್ನು ಗಿರಗಿರ ತಿರುಗಿಸಿದ್ದರು. ಊರಿಗೆ ಬಂದು ವರ್ಣಿಸಿದರೆ, "ಮನೆಯೊಳಗೆ ಬಾವಿ, ರಾಟೆ ಇಲ್ಲ, ಕಟ್ಟೆಯೂ ಇಲ್ಲವಾ?" ಎಂದು ದೊಡ್ಡಮ್ಮ ಕೇಳಿದರು. ಬಾವಿಯ ವಿಷಯದಲ್ಲಿ ಅವರು ತಮಾಷೆ ಮಾಡುವುದಿಲ್ಲ.

2016ರ ಬಿನಾಲೆಗೆ ಮಂಗಳೂರಿನಲ್ಲೇ ಹುಟ್ಟಿದ ಸುದರ್ಶನ್ ಶೆಟ್ಟಿ ಕ್ಯುರೇಟರ್. 'ನಮ್ಮವರದ್ದು' ಎಂದು ದೊಡ್ಡಮ್ಮ ಮತ್ತೆ ಹೊರಟರು. ಆಸ್ಪಿನ್‌ವಾಲ್‌ನ ಉದ್ದನೆಯ ಗೋದಾಮೊಂದರಲ್ಲಿ ಚಿಲಿಯ ಕವಿ ರೌಲ್ ಸುರಿತಾ ಕಡಲ ನೀರು ತುಂಬಿಸಿಟ್ಟಿದ್ದರು. ಚಪ್ಪಲಿ ಬಿಟ್ಟು, ಆ ನೀರಲ್ಲೇ ನಡೆದು ಕೊನೆಯ ಗೋಡೆಯವರೆಗೆ ಹೋಗಬೇಕು. ನಾನು ಪ್ಯಾಂಟು ಮಡಚುವ ಗಡಿಬಿಡಿಯಲ್ಲಿದ್ದೆ. ದೊಡ್ಡಮ್ಮ ನೇಜಿ ನೆಡಲು ಗದ್ದೆಗಿಳಿದಂತೆ ಸೀರೆ ಎತ್ತಿ ಸಿಕ್ಕಿಸಿ ಇಳಿದೇಬಿಟ್ಟರು. ಗೋಡೆಯಲ್ಲಿ ಬರೆದದ್ದನ್ನು ಓದಿ ಹೇಳು ಎಂದರು. ಹೇಳಿದೆ. 2015ರಲ್ಲಿ ಸಿರಿಯಾದಿಂದ ಓಡಿಬಂದ ಕುಟುಂಬದ ಪುಟ್ಟ ಹುಡುಗ, ಅಲನ್ ಕುರ್ದಿ, ದಡದಲ್ಲಿ ಮುಖ ಅಡಿಯಾಗಿ ಬಿದ್ದಿದ್ದ ಫೋಟೋ ಎಲ್ಲ ಪತ್ರಿಕೆಯಲ್ಲಿ ಬಂದಿತ್ತಲ್ಲ, ಇದು ಅವನಿಗಲ್ಲ. ಅದೇ ದೋಣಿಯಲ್ಲಿ ಮುಳುಗಿದ ಅವನ ಅಣ್ಣ ಗಾಲಿಪ್‌ನಿಗೆ. "ಅಣ್ಣ ಇದ್ದನಾ?" ಎಂದರು. ಆಮೇಲೆ ಮಾತಿಲ್ಲ. ಸೀರೆಯ ಅಂಚು ನೀರಿಗೆ ಬಿದ್ದದ್ದೂ ಗೊತ್ತಾಗಲಿಲ್ಲ. ಹೊರಬಂದು ಅಂಚು ಹಿಂಡುತ್ತಾ, "ಉಪ್ಪು ನೀರು, ಕಲೆ ಹೋಗುವುದಿಲ್ಲ," ಎಂದಷ್ಟೇ ಹೇಳಿದರು. ನನ್ನ 'ಹ್ಞೂಂ' ಅಂದು ಗಂಟಲಲ್ಲೇ ಉಳಿಯಿತು.

ಬಿನಾಲೆ ಇಲ್ಲದ ವರ್ಷದ ಕೊಚ್ಚಿ ಬೇರೆ. ಜಾತ್ರೆ ಮುಗಿದ ಮೇಲೆ ದೇವರನ್ನು ಸರಿಯಾಗಿ ನೋಡಬಹುದು ಎನ್ನುತ್ತಾರಲ್ಲ, ಹಾಗೆ. ಡಚ್ಚರ ಕಾಲದ ಡೇವಿಡ್ ಹಾಲ್‌ನ ದಪ್ಪ ಗೋಡೆಗಳ ಒಳಗೆ ಚಿತ್ರಗಳು, ಹಿಂದೆ ಅಂಗಳದಲ್ಲಿ ತಿಂಡಿ. ಬರ್ಗರ್ ಸ್ಟ್ರೀಟಿನ ಕಾಶಿ ಆರ್ಟ್ ಕೆಫೆಯಲ್ಲಿ ಚಿತ್ರವೂ ಉಂಟು, ಕೇಕೂ ಉಂಟು. ಬಂದವರು ಯಾವುದಕ್ಕೆ ಬಂದದ್ದೆಂದು ಅವರವರ ತಟ್ಟೆ ನೋಡಿ ತಿಳಿದುಕೊಳ್ಳಬೇಕು. ನನ್ನದು ಕೇಕು. ಚಿತ್ರದ ಪಕ್ಕದ ಚೀಟಿ ಓದುವ ಖಾತೆ ದೊಡ್ಡಮ್ಮನದು. ಅವರು ಬೆರಳಿಟ್ಟದ್ದನ್ನು ನಾನು ಕನ್ನಡಕ್ಕೆ ತರಬೇಕು. "ಶೀರ್ಷಿಕೆಯಿಲ್ಲದ್ದು - 7. ಮಿಶ್ರ ಮಾಧ್ಯಮ. ಬೆಲೆ: ವಿಚಾರಿಸಿ." ಅವರಿಗೆ ತಡೆಯಲಾಗಲಿಲ್ಲ. "ಏಳು ಮಕ್ಕಳಾಗಿಯೂ ಒಂದಕ್ಕೂ ಹೆಸರಿಟ್ಟಿಲ್ಲವಾ?"

ಮಟ್ಟಾಂಚೇರಿಯ ಬಜಾರ್ ರೋಡಿನಲ್ಲಿ ನನ್ನ ಮಾನ ಹೋಯಿತು. ಅಲ್ಲಿ ಗ್ಯಾಲರಿಯ ಪಕ್ಕ ಗೋದಾಮು, ಗೋದಾಮಿನ ಮೇಲೆ ಸ್ಟುಡಿಯೋ. ಯಾವ ಬಾಗಿಲಲ್ಲಿ ಕಲೆ, ಯಾವ ಬಾಗಿಲಲ್ಲಿ ಕೊತ್ತಂಬರಿ ಎಂದು ಮೂಗಿಗೂ ತಿಳಿಯುವುದಿಲ್ಲ. ಅರೆಗತ್ತಲೆಯ ಒಂದು ಕೋಣೆಯಲ್ಲಿ ಗೋಣಿಚೀಲಗಳ ಸಾಲು, ಮಧ್ಯೆ ತೂಗುವ ತಕ್ಕಡಿ, ನೆಲದ ತುಂಬ ಒಣಶುಂಠಿ. ಶ್ರಮ, ಇತಿಹಾಸ, ವಾಸನೆಯ ನೆನಪು ಎಂದು ನಾನು ಕತ್ತು ವಾರೆ ಮಾಡಿ ನಿಂತೇ ನಿಂತೆ. ಒಳಗಿಂದ ಲುಂಗಿ ಮೇಲೆತ್ತಿ ಕಟ್ಟಿದವರೊಬ್ಬರು ಬಂದು ಏನೋ ಕೇಳಿದರು. ದೊಡ್ಡಮ್ಮ ಅನುವಾದಿಸಿದರು: "ಎಷ್ಟು ಕಿಲೋ ಬೇಕಂತೆ." ಅರ್ಧ ಕಿಲೋ ಕೊಂಡೆವು. ಆ ದಿನ ಆದ ಕಲಾ ಖರೀದಿ ಅದೊಂದೇ.

ಅಲ್ಲೇ ಮರದ ಮೆಟ್ಟಿಲು ಹತ್ತಿದರೆ ಒಬ್ಬ ಹುಡುಗನ ಸ್ಟುಡಿಯೋ. ಗೋಡೆಗೊರಗಿದ ಕ್ಯಾನ್ವಾಸುಗಳು, ಟರ್ಪೆಂಟೈನ್ ವಾಸನೆ, ಕಿಟಕಿಯಲ್ಲಿ ಹಿನ್ನೀರು. ಅವನು ಕಟ್ಟನ್ ಚಾಯ, ನಮ್ಮ ಕಣ್ಣ ಚಾ, ಮಾಡಿಕೊಟ್ಟ. ನಾನು ಅವನ ಮೇಲಾದ ಪ್ರಭಾವಗಳ ಬಗ್ಗೆ ಇಂಗ್ಲಿಷಿನಲ್ಲಿ ವಿಚಾರಿಸಿದೆ, ಅವನು ನಾಚಿದ. ದೊಡ್ಡಮ್ಮ ಬಾಡಿಗೆ ಎಷ್ಟು, ಮಳೆಗಾಲದಲ್ಲಿ ಸೋರಿದರೆ ಚಿತ್ರಗಳನ್ನು ಎಲ್ಲಿ ಸರಿಸುತ್ತಿ, ಅಮ್ಮ ಏನೆನ್ನುತ್ತಾರೆ ಎಂದು ಕೇಳಿದರು. ಒಂದು ಗಂಟೆ ಮಾತಾಡಿದ. ಸೋರಿದ ನೀರು ಬಣ್ಣಕ್ಕೆ ತಾಗಿ ಆದ ಕಲೆಯನ್ನೇ ಉಳಿಸಿಕೊಂಡ ಚಿತ್ರವನ್ನೂ ತೋರಿಸಿದ. ನಾನು ಗಂಟೆಗಟ್ಟಲೆ 'ಹ್ಞೂಂ' ಎಂದಿದ್ದರೂ ಆ ಚಿತ್ರ ಹೊರಗೆ ಬರುತ್ತಿರಲಿಲ್ಲ.

ಮೊನ್ನೆ ಊರಿಗೆ ಹೋಗಿದ್ದೆ. ದೊಡ್ಡಮ್ಮನ ಕಡೆಯುವ ಕಲ್ಲು ಬಚ್ಚಲಿನ ಹಿಂದೆ ಪಾಚಿ ಕಟ್ಟಿ ಬಿದ್ದಿದ್ದದ್ದು ಈಗ ತುಳಸಿಕಟ್ಟೆಯ ಆಚೆ, ತೊಳೆದು, ಗುಂಡು ಸಮೇತ ಕೂತಿದೆ. ಗುಜರಿಯವನು ಬಂದ. ಹಳೆಯ ಕಲ್ಲಿಗೆ ರೆಸಾರ್ಟಿನವರು ಒಳ್ಳೆಯ ದುಡ್ಡು ಕೊಡುತ್ತಾರಂತೆ, "ಎಷ್ಟಕ್ಕೆ ಕೊಡ್ತೀರಿ ಅಮ್ಮ?" ಎಂದ.

ದೊಡ್ಡಮ್ಮ ಕತ್ತು ತುಸು ವಾರೆ ಮಾಡಿ, ಗದ್ದಕ್ಕೆ ಕೈಯಿಟ್ಟು, ಮೂರು ಹೆಜ್ಜೆ ಹಿಂದೆ ಬಂದು ನೋಡಿದರು.

"ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ," ಎಂದರು. "ಇಟ್ಟ ಮೇಲೆ ಬಾ."