ಎದುರುಮನೆಯ ಸೂರ್ಯವಂಶಿ

ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆಂದು ಗೇಟು ತೆಗೆದರೆ ಸಾಕು, ಎದುರುಮನೆಯ ರಾಯರು ಮೊಬೈಲು ಹಿಡಿದು ನಿಂತಿರುತ್ತಾರೆ. "ನಿನ್ನೆ ಹನ್ನೆರಡೂವರೆ" ಎನ್ನುತ್ತಾರೆ. ಹೊಸಬರು ಪಾಪ, ರಾತ್ರಿ ನಿದ್ದೆ ಹತ್ತಿದ ಹೊತ್ತೆಂದುಕೊಂಡಾರು. ಅದು ಯೂನಿಟ್ಟಿನ ಲೆಕ್ಕ ಎಂದು ಮೈಸೂರಿನ ನಮ್ಮ ಬೀದಿಯ ನಾಯಿಗೂ ಗೊತ್ತು.

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ರಾಯರು ಯೋಗ, ಸಿರಿಧಾನ್ಯ, ತಾಮ್ರದ ಚೊಂಬು ಎಲ್ಲವನ್ನೂ ಒಂದು ಕೈ ನೋಡಿದ್ದರು. 2024ರಲ್ಲಿ ಕೇಂದ್ರದ ಸೂರ್ಯಘರ್ ಯೋಜನೆ ಬಂದದ್ದೇ ತಡ, ದೀಕ್ಷೆ ತೆಗೆದುಕೊಂಡರು. 3 ಕಿಲೋವ್ಯಾಟ್, ಆರು ಪ್ಯಾನೆಲ್, 78,000 ರೂಪಾಯಿ ಸಬ್ಸಿಡಿ. ಅರ್ಜಿ ಹಾಕಿದ್ದು, ಎರಡೂ ಕಡೆ ಲೆಕ್ಕ ಹಿಡಿಯುವ ಮೀಟರಿಗಾಗಿ ಅಲೆದದ್ದು, ಸಬ್ಸಿಡಿ ಖಾತೆಗೆ ಬಿದ್ದದ್ದು, ಒಂದೊಂದೂ ಒಂದೊಂದು ಪರ್ವ. ಜನಮೇಜಯನ ಹಾಗೆ ಕೂತು ಕೇಳಿದ್ದೇನೆ. ದಕ್ಷಿಣದ ಬಾಗಿಲೆಂದು ಎರಡು ಮನೆ ಬೇಡವೆಂದ ಮನುಷ್ಯ ಆರೂ ಪ್ಯಾನೆಲ್ಲುಗಳನ್ನು ಯಮನ ದಿಕ್ಕಿಗೇ ಮುಖಮಾಡಿ ಕೂರಿಸಿದ್ದಾರೆ. ಕೆಣಕಿದೆ. "ಯಮ ಯಾರ ಮಗ ಹೇಳಿ? ಸೂರ್ಯನ ಮಗ. ಅಪ್ಪ ಮನೇಲಿರೋವಾಗ ಮಗ ಬಾಲ ಬಿಚ್ಚಲ್ಲ" ಎಂದರು.

ನನ್ನ ಬಳಿಯೂ ಒಂದು ಅಸ್ತ್ರವಿತ್ತು. ಗೃಹಜ್ಯೋತಿಯ ದೆಸೆಯಿಂದ, ನಯಾಪೈಸೆ ಹೂಡದೆ, ನನ್ನ ಬಿಲ್ಲು 2023ರಿಂದಲೇ ಸೊನ್ನೆ. ರಾಯರು ಕನ್ನಡಕ ಸರಿಮಾಡಿಕೊಂಡು, "ನಿಮ್ಮದು ಸರ್ಕಾರದ ಸೊನ್ನೆ, ನಂದು ಸೂರ್ಯನ ಸೊನ್ನೆ" ಅಂದರು. ಆ ಸೂರ್ಯನ ಸೊನ್ನೆಯ ಪಕ್ಕದಲ್ಲಿ ನಿಗದಿತ ಶುಲ್ಕವೆಂಬುದು ತಿಂಗಳು ತಿಂಗಳೂ ಚಕ್ಕಳಮಕ್ಕಳ ಹಾಕಿ ಕೂತಿರುವುದನ್ನು ಅವರು ಹೇಳಲಿಲ್ಲ. ಬಿಲ್ಲು ಕದ್ದು ನೋಡಿದವನು ನಾನು, ಹೇಳುವ ಬಾಯಿ ನನಗೂ ಇರಲಿಲ್ಲ.

ಮರೆಯಲಾಗದ್ದು ಆ ಭಾನುವಾರ. "ಕರೆಂಟು ಹೋದ್ರೆ ಸಂಕೋಚ ಬೇಡ, ನಮ್ಮನೆಗೆ ಬಂದ್ಬಿಡಿ" ಎಂದು ರಾಯರು ಬೀದಿಗೆಲ್ಲ ಹೇಳಿಯಾಗಿತ್ತು. ಭಾರತ ಬ್ಯಾಟಿಂಗ್ ಮಾಡುತ್ತಿರುವಾಗ ಪಟ್ ಎಂದು ಹೋಯಿತು. ಹೊರಗೆ ನೆತ್ತಿ ಸೀಳುವ ಬಿಸಿಲು. ಹುರಿಗಡಲೆ ಕಟ್ಟಿಸಿಕೊಂಡು ಸಂಸಾರಸಮೇತ ರಸ್ತೆ ದಾಟಿದೆ. ನಮಗಿಂತ ಮುಂಚೆ ಇನ್ನೆರಡು ಮನೆಯವರು ಬಂದು ಸೋಫಾ ಹಿಡಿದಿದ್ದರು. ರಾಯರು ದಿನಪತ್ರಿಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಟೀವಿ ಕಪ್ಪು.

"ಆನ್‌ಗ್ರಿಡ್" ಎಂದರು, ಕಾಯಿಲೆಯ ಹೆಸರು ಹೇಳಿದಂತೆ. ಬೀದಿಯಲ್ಲಿ ಕರೆಂಟು ಹೋದರೆ ಇನ್ವರ್ಟರ್ ತಾನಾಗಿ ಕಣ್ಣು ಮುಚ್ಚುತ್ತದೆ. ಇಲ್ಲದಿದ್ದರೆ ಇಲ್ಲಿ ಹುಟ್ಟಿದ ಕರೆಂಟು ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆದೀತು. ಬ್ಯಾಟರಿ ಇದ್ದರೆ ಮಾತು ಬೇರೆ. ರಾಯರು ದುಬಾರಿಯೆಂದು ಬಿಟ್ಟಿದ್ದರು. ನಮ್ಮ ಹಳೆಯ ಯುಪಿಎಸ್‌ನ ಬ್ಯಾಟರಿಗೆ ನಾನು ನೀರು ಹಾಕಿ ವರ್ಷವಾಗಿತ್ತು, ಹಾಗಾಗಿ ನಗುವ ಯೋಗ್ಯತೆ ನನಗಿರಲಿಲ್ಲ, ಆದರೂ ನಕ್ಕೆ. ಕೊನೆಯ ಓವರುಗಳನ್ನು ಎಲ್ಲರೂ ಮೂಲೆಯ ಇಸ್ತ್ರಿಯವನ ಮೊಬೈಲಿನಲ್ಲಿ ನೋಡಿದೆವು. ಅವನದು ಇದ್ದಿಲ ಪೆಟ್ಟಿಗೆ. ಗ್ರಿಡ್ಡಿನ ಹಂಗಿಲ್ಲ, ಸೂರ್ಯನ ಹಂಗೂ ಇಲ್ಲ.

ನಮ್ಮ ತೆಂಗಿನ ಮರದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ನಾಲ್ಕು ಗಂಟೆಗೆ ಅದರ ಗರಿಯ ನೆರಳು ರಾಯರ ಐದನೇ ಪ್ಯಾನೆಲ್ಲಿನ ಮೇಲೆ ಬೀಳುತ್ತದೆ. ಒಂದಕ್ಕೆ ನೆರಳಾದರೆ ಅದೇ ಸಾಲಿನ ಉಳಿದವೂ ಸೊರಗುತ್ತವೆ, ಕೂಡುಕುಟುಂಬದ ಹಾಗೆ. "ಗರಿ ದಾರಿಹೋಕರ ತಲೆ ಮೇಲೆ ಬಿದ್ದೀತು, ಕಡಿಸಿಬಿಡಿ" ಎಂದು ವಾರಕ್ಕೊಮ್ಮೆ ಲೋಕಹಿತ ಚಿಂತಿಸುತ್ತಾರೆ.

ಹೋದ ಆಷಾಢದಲ್ಲಿ ಹದಿನೈದು ದಿನ ಮೋಡ ಕದಲಲಿಲ್ಲ. ರಾಯರು ಗೇಟಿಗೆ ಬರುವುದನ್ನೇ ಬಿಟ್ಟರು. ನೆಮ್ಮದಿಯಾಗಬೇಕಿತ್ತು; ಹಾಲಿನ ಪ್ಯಾಕೆಟ್ ಹಿಡಿದು ಸುಮ್ಮನೆ ಎರಡು ನಿಮಿಷ ನಿಂತಿರುತ್ತಿದ್ದೆ. ಒಂದು ಸಂಜೆ ತಾರಸಿಯಲ್ಲಿ ಸಿಕ್ಕರು. "ನಿನ್ನೆ ಮೂರೇ" ಎಂದರು. ಆಮೇಲೆ ಆಕಾಶ ನೋಡುತ್ತ, "ಮೂವತ್ತೈದು ವರ್ಷ ಕೌಂಟರಿನ ಟ್ಯೂಬ್‌ಲೈಟ್ ಕೆಳಗೆ ಕೂತಿದ್ದೆ ಕಣ್ರೀ. ಹೊರಗೆ ಬಿಸಿಲಿತ್ತೋ ಮಳೆಯಿತ್ತೋ, ಗಿರಾಕಿಗಳ ಕೊಡೆ ನೋಡಿ ತಿಳ್ಕೋಬೇಕಿತ್ತು" ಎಂದರು. ಗರಿ ಕಡಿಸುತ್ತೇನೆಂದು ಅಂದೇ ಮಾತು ಕೊಟ್ಟೆ. ಬೆಳಗಾದ ಮೇಲೆ ಮನಸ್ಸು ಬದಲಾಯಿತು.

ಈ ಏಪ್ರಿಲಿನಿಂದ ರಾಯರ ಹೆಂಡತಿಯ ಸಂಡಿಗೆ ನಮ್ಮ ತಾರಸಿಗೆ ವಲಸೆ ಬಂದಿದೆ. "ನಮ್ಮ ಬಿಸಿಲನ್ನೆಲ್ಲ ಇವರೇ ಕುಡಿದ್ರು, ಸಂಡಿಗೆಗೆ ಏನುಳೀತು?" ಎನ್ನುತ್ತಾರೆ ಆಕೆ. ಬಾಡಿಗೆ ಒಂದು ಡಬ್ಬಿ ಅರಳು ಸಂಡಿಗೆ; ಕಾಗೆ ಓಡಿಸುವ ಕೆಲಸ ನನ್ನದು. ಮೊನ್ನೆ ಕೊಡೆ ಹಿಡಿದು ಕೂತಿದ್ದೆ. ಎದುರು ತಾರಸಿಯಿಂದ ರಾಯರು ಪೆಚ್ಚುಮೋರೆ ಹಾಕಿ, ಪ್ಯಾನೆಲ್ ಅತಿಯಾಗಿ ಕಾದರೆ ಕರೆಂಟು ಕಡಿಮೆಯಾಗುತ್ತದೆಂದು ಕೂಗಿ ವಿವರಿಸಿದರು. "ಈ ಬಿಸಿಲು ಒಳ್ಳೇದಲ್ಲ ಕಣ್ರೀ!"

ನನ್ನ ಹಿಂದೆ ಹಿಟ್ಟಿನ ಪಾತ್ರೆ ಹಿಡಿದು ಬಗ್ಗಿದ್ದ ಆಕೆ ತಲೆಯೆತ್ತದೆ ಹೇಳಿದರು: "ಸಂಡಿಗೆಗೆ ಇದೇ ಸರಿ."